ಊರು ಬದಲಾದಾಗ ದಾರಿಯ ರೂಢಿ

ಕೊಲ್ಲಿ ರಾಷ್ಟ್ರವೊಂದರಲ್ಲಿ ಹಲವು ವರ್ಷ ಗಾಡಿ ಓಡಿಸಿ ಊರಿಗೆ ಮರಳಿದ ನಮ್ಮ ಕಡೆಯ ಸಹೋದರನೊಬ್ಬ, ಒಂದು ಭಾನುವಾರ ಬಲಿಪೂಜೆ ಮುಗಿದ ಮೇಲೆ ನನ್ನ ಬಳಿಗೆ ಬಂದ. "ಫಾದರ್, ಆ ದೇಶದಾಗ ಇದ್ದಾಗ ನಾ ಪರದೇಶಿ ಅಂತ ಅನಿಸ್ಲಿಲ್ರಿ. ಗೋಕಾಕದಾಗ ಸ್ಟೇರಿಂಗ್ ಹಿಡದ ಮ್ಯಾಲ ಪರದೇಶಿ ಆದೆ ನೋಡ್ರಿ" ಎಂದ. ಅವನು ನಗುತ್ತಾ ಹೇಳಿದನಾದರೂ ಮಾತಿನಲ್ಲಿ ನಗು ಇರಲಿಲ್ಲ. ಹಿಂದಿನ ದಿನ ಟಂಟಂ ಚಾಲಕನೊಬ್ಬ ಕೈಸನ್ನೆಯನ್ನೂ ಮಾಡದೆ ಅಡ್ಡ ಬಂದನೆಂದು ಇವನು ಕೆಳಗಿಳಿದು ಅವನ ಅಂಗಿಯ ಕೊರಳಪಟ್ಟಿಗೆ ಕೈ ಹಾಕಿದ್ದ. ಕಾರಿನಲ್ಲಿ ಕುಳಿತಿದ್ದ ಮಗಳು ಅತ್ತಳಂತೆ. ಅಂದಿನಿಂದ ಹೆಂಡತಿ ಅವನ ಜೊತೆ ಪೇಟೆಗೆ ಬರಲು ಒಲ್ಲೆ ಎನ್ನುತ್ತಿದ್ದಾಳೆ.

ಅದೇ ವಾರ ಮೂಡಲಗಿ ಕಡೆಯ ಯುವಕನೊಬ್ಬ ಆಶೀರ್ವಾದ ಪಡೆಯಲು ಬಂದ. ಅವನು ಚಾಲಕನ ಕೆಲಸಕ್ಕೆಂದು ಕೊಲ್ಲಿಗೆ ಹೊರಟಿದ್ದ. "ಅಲ್ಲಿ ಎಲ್ಲಾ ಉಲ್ಟಾ ಐತಂತ್ರಿ ಫಾದರ್, ಬಲಕ್ಕ ಹೊಡೀಬೇಕಂತ. ನನಗ ಆಗತೈತೇನ್ರಿ?" ಎಂಬುದು ಅವನ ಅಂಜಿಕೆ.

ಒಬ್ಬ ಬಂದವನು, ಒಬ್ಬ ಹೊರಟವನು. ಆದರೆ ಇಬ್ಬರ ಪ್ರಶ್ನೆಯೂ ಒಂದೇ: ಪರಸ್ಥಳದ ದಾರಿಯಲ್ಲಿ ಅಲ್ಲಿನವರ ರೂಢಿಗೆ ನಾವು ಎಷ್ಟರಮಟ್ಟಿಗೆ ಹೊಂದಿಕೊಳ್ಳಬೇಕು? ಎಲ್ಲಿ ಹೊಂದಿಕೊಳ್ಳಬಾರದು? ಕರಾವಳಿಯಲ್ಲಿ ಹುಟ್ಟಿ, ಈ ಬಯಲುನಾಡಿಗೆ ಗುರುವಾಗಿ ಬಂದ ನನ್ನ ಪ್ರಶ್ನೆಯೂ ಅದೇ ಆಗಿತ್ತು. ಇಂದಿನ ಪಾಠವನ್ನು ಅದರ ಸುತ್ತಲೇ ಕಟ್ಟೋಣ.

ಸಂತ ಮೋನಿಕಾಳ ಪ್ರಶ್ನೆ

ಈ ಪ್ರಶ್ನೆ ಹೊಸದಲ್ಲ. ಸಂತ ಅಗಸ್ಟಿನ್ ಮತ್ತು ಅವರ ತಾಯಿ ಮೋನಿಕಾ ಆಫ್ರಿಕಾದವರು. ಇಟಲಿಯ ಮಿಲಾನ್ ನಗರದಲ್ಲಿ ಪರಸ್ಥಳದವರು. ಶನಿವಾರದ ಉಪವಾಸವನ್ನು ಮಿಲಾನಿನ ಕ್ರೈಸ್ತರು ಮಾಡುತ್ತಿರಲಿಲ್ಲ, ರೋಮಿನಲ್ಲಿ ಮಾಡುತ್ತಿದ್ದರು. ತಾಯಿಗೆ ಗೊಂದಲವಾಯಿತು. ಮಗ ಹೋಗಿ ಧರ್ಮಾಧ್ಯಕ್ಷರಾದ ಸಂತ ಅಂಬ್ರೋಸರನ್ನು ಕೇಳಿದ. ಅವರ ಉತ್ತರದ ಸಾರ ಇಷ್ಟು: ನಾನು ರೋಮಿಗೆ ಹೋದಾಗ ಉಪವಾಸ ಮಾಡುತ್ತೇನೆ, ಇಲ್ಲಿದ್ದಾಗ ಮಾಡುವುದಿಲ್ಲ, ನೀನೂ ಯಾವ ಸಭೆಗೆ ಹೋಗುವೆಯೋ ಆ ಸಭೆಯ ರೂಢಿಯನ್ನು ಪಾಲಿಸು. ಅಗಸ್ಟಿನರು ಸುಮಾರು ಕ್ರಿ.ಶ. 400ರಲ್ಲಿ ಜನುವಾರಿಯುಸ್ ಎಂಬವನಿಗೆ ಬರೆದ ಪತ್ರದಲ್ಲಿ ಇದನ್ನು ನೆನೆದು, ಊರಿಂದ ಊರಿಗೆ ಬದಲಾಗುವ ಸಂಗತಿಗಳೇ ಬೇರೆ, ಎಲ್ಲೆಡೆ ಒಂದೇ ಆಗಿರಬೇಕಾದ ಸಂಗತಿಗಳೇ ಬೇರೆ ಎಂದು ವಿವರಿಸಿದರು.

ಎಂಟು ನೂರು ವರ್ಷಗಳ ಬಳಿಕ ಸಂತ ತೋಮಸ್ ಅಕ್ವಿನಾಸರು ಇದೇ ಎಳೆಯನ್ನು ಮುಂದುವರಿಸಿದರು. ಜನರ ರೂಢಿಗೆ ಕಾನೂನಿನ ಬಲ ಬರಬಹುದು. ಆದರೆ ದೇವರ ನಿಯಮಕ್ಕೂ ನಿಸರ್ಗದ ನಿಯಮಕ್ಕೂ ವಿರುದ್ಧವಾದ ರೂಢಿ ಎಷ್ಟೇ ಹಳೆಯದಾದರೂ ಅದಕ್ಕೆ ಆ ಬಲ ಬರುವುದಿಲ್ಲ ಎಂದರು. ಈ ಇಬ್ಬರು ಗುರುಗಳ ಮಾತನ್ನು ಕೈಯಲ್ಲಿ ಹಿಡಿದು ದಾರಿಗಿಳಿದರೆ, ದಾರಿಯ ರೂಢಿಗಳು ಮೂರು ಬಗೆಯಾಗಿ ಕಾಣುತ್ತವೆ: ಬರಿಯ ರೂಢಿ, ಒಳ್ಳೆಯ ರೂಢಿ, ಕೆಟ್ಟ ರೂಢಿ.

ಬರಿಯ ರೂಢಿ: ಕಲಿತುಕೊಳ್ಳಿ

ಎಡಬದಿ, ಬಲಬದಿ ಎಂಬುದರಲ್ಲಿ ಪಾಪಪುಣ್ಯವಿಲ್ಲ. ಎದುರಿನವನ ಜೀವ ಕಾಯಬೇಕೆಂಬುದು ದೇವರ ನಿಯಮ. ಅದಕ್ಕಾಗಿ ಎಲ್ಲರೂ ಯಾವ ಬದಿ ಹಿಡಿಯಬೇಕೆಂಬುದು ಮನುಷ್ಯರು ಕೂಡಿ ಮಾಡಿಕೊಂಡ ನಿರ್ಣಯ. ನಾವು ಎಡಬದಿಯವರು. ಸೌದಿ ಅರೇಬಿಯ, ಕುವೈತ್, ಕತಾರ್, ಬಹ್ರೇನ್, ಒಮಾನ್, ಅರಬ್ ಸಂಯುಕ್ತ ಸಂಸ್ಥಾನಗಳೆಲ್ಲವೂ ಬಲಬದಿಯವು. ಬಹ್ರೇನ್ ಕೂಡ 1967ರ ತನಕ ಎಡಬದಿಯಲ್ಲೇ ಇತ್ತು.

ಅದೇ 1967ರ ಸೆಪ್ಟೆಂಬರ್ 3ರ ಬೆಳಗಿನ ಜಾವ ಸ್ವೀಡನ್ ದೇಶ ಇಡಿಯಾಗಿ ಎಡದಿಂದ ಬಲಕ್ಕೆ ಬದಲಾಯಿತು. ಭಾರಿ ಅನಾಹುತವಾದೀತೆಂದು ಎಲ್ಲರೂ ಹೆದರಿದ್ದರು. ಆದದ್ದು ಬೇರೆ. ಮೊದಲ ದಿನಗಳಲ್ಲಿ ಅಪಘಾತಗಳು ಕಡಿಮೆಯಾದವು. ಏಕೆಂದರೆ ಅಂದು ಇಡೀ ದೇಶವೇ ತನ್ನ ದಾರಿಯಲ್ಲಿ ಪರದೇಶಿಯಾಗಿತ್ತು; ಪ್ರತಿಯೊಬ್ಬನೂ ಕಣ್ಣು ಅಗಲಿಸಿ, ಕಾಲನ್ನು ಬ್ರೇಕಿನ ಮೇಲಿಟ್ಟು ನಡೆಸಿದ. ಹೊಸ ರೂಢಿ ಹಳತಾದಂತೆ, ಎರಡು ವರ್ಷಗಳೊಳಗೆ, ಅಪಘಾತಗಳು ಮತ್ತೆ ಮೊದಲಿನ ಮಟ್ಟಕ್ಕೇ ಬಂದವು. ಆದ್ದರಿಂದ ಹೊರಟು ನಿಂತ ಆ ಯುವಕನಿಗೆ ನಾನು ಹೇಳಿದ್ದು ಇಷ್ಟೇ: "ತಮ್ಮಾ, ನಿನ್ನ ಅಂಜಿಕೆಯೇ ನಿನ್ನನ್ನು ಕಾಯುತ್ತದೆ. ಅಂಜಿಕೆ ಹೋದ ಆರನೆಯ ತಿಂಗಳಲ್ಲಿ ಹೆಚ್ಚು ಜಾಗರೂಕನಾಗಿರು. ಖಾಲಿ ದಾರಿಯಲ್ಲಿ, ಪೆಟ್ರೋಲ್ ಬಂಕಿನಿಂದ ಹೊರಬರುವಾಗ, ನಿದ್ದೆಗಣ್ಣಿನಲ್ಲಿ, ಕೈ ತಾನಾಗಿ ಊರಿನ ಬದಿಗೆ ಎಳೆಯುತ್ತದೆ."

ಹೋಗುವವರು ಇನ್ನೂ ಕೆಲವು ಸಂಗತಿ ತಿಳಿದಿರಬೇಕು. ನಮ್ಮ ಸಾರಿಗೆ ಕಚೇರಿ ಕೊಡುವ ಅಂತರರಾಷ್ಟ್ರೀಯ ಪರವಾನಗಿ ಒಂದು ವರ್ಷದ್ದು, ಅದು ಪ್ರವಾಸಿಗರಿಗೆ. ನೆಲೆಸಿ ದುಡಿಯುವವನು ಆಯಾ ದೇಶದ ನಿಯಮದಂತೆ ಅಲ್ಲಿನ ಲೈಸೆನ್ಸನ್ನೇ ಪಡೆಯಬೇಕು. ವೃತ್ತದಲ್ಲಿ ಅಲ್ಲಿ ಗಾಡಿಗಳು ನಮ್ಮದಕ್ಕೆ ತಿರುಗುಮುರುಗಾಗಿ ಸುತ್ತುತ್ತವೆ. ಒಳಗಿರುವ ಗಾಡಿಗೇ ಮೊದಲ ಹಕ್ಕು. ಅರಬ್ ಸಂಯುಕ್ತ ಸಂಸ್ಥಾನಗಳಲ್ಲಿ ತಪ್ಪು ಮಾಡಿದಂತೆ ಕಪ್ಪು ಅಂಕ ಬೀಳುತ್ತವೆ. 24 ಆದರೆ ಲೈಸೆನ್ಸ್ ಅಮಾನತು. ಸಂಬಳವೇ ಲೈಸೆನ್ಸಿನ ಮೇಲೆ ನಿಂತಿರುವವನಿಗೆ ಇದು ಮನೆಯ ಒಲೆಯ ಪ್ರಶ್ನೆ.

ಇನ್ನು ಹಾರ್ನ್ ಮತ್ತು ದೀಪದ ಭಾಷೆ. ಕೊಲ್ಲಿಯಲ್ಲಿ ಸುಮ್ಮನೆ ಹಾರ್ನ್ ಹೊಡೆದರೆ ಅದು ಬೈಗುಳ. ಇಲ್ಲಿ, ಸಂಕೇಶ್ವರದಿಂದ ಗೋಕಾಕಕ್ಕೆ ಬರುವ ದಾರಿಯಲ್ಲಿ, ಹಾರ್ನ್ ಎಂದರೆ "ನಾನು ಹಿಂದೆ ಇದ್ದೇನೆ ಅಣ್ಣಾ" ಎಂಬ ಸುದ್ದಿ. ಲಾರಿಗಳ ಹಿಂದೆ ಹಾರ್ನ್ ಮಾಡಿ ಎಂದು ಬರೆಸಿರುವುದು ಅದಕ್ಕೇ. ಎದುರಿನಿಂದ ಬರುವವನು ಡಿಪ್ಪರ್ ಹೊಡೆದರೆ, ಇಂಗ್ಲೆಂಡಿನಲ್ಲಿ ಬಹುಮಟ್ಟಿಗೆ "ನೀವು ಮೊದಲು ಹೋಗಿ" ಎಂದರ್ಥ. ನಮ್ಮಲ್ಲಿ "ನಾನು ಬರುತ್ತಿದ್ದೇನೆ, ನೀ ನಿಲ್ಲು" ಎಂದರ್ಥ. ಒಂದೇ ಬೆಳಕು, ಎರಡು ವಿರುದ್ಧ ಮಾತು! ಮುಂದಿನ ಲಾರಿಯ ಬಲ ಇಂಡಿಕೇಟರ್ ಇಲ್ಲಿ "ನಾನು ಬಲಕ್ಕೆ ತಿರುಗುತ್ತೇನೆ" ಎಂದೂ ಆಗಬಹುದು, "ಎದುರು ಗಾಡಿ ಇದೆ, ಮುಂದೆ ಬರಬೇಡ" ಎಂದೂ ಆಗಬಹುದು. ಅರ್ಥ ಎರಡಾದರೂ ನಮ್ಮ ಕರ್ತವ್ಯ ಒಂದೇ: ಹಿಂದೆಯೇ ಇರುವುದು. ಅರ್ಥ ತಿಳಿಯದ ಸನ್ನೆಯನ್ನು ಅಪ್ಪಣೆ ಎಂದು ಎಣಿಸಬಾರದು.

ಈ ಬಗೆಯ ರೂಢಿಗೆ ಸಿಟ್ಟಾಗುವುದು, ಪರಭಾಷೆ ಆಡುವವನನ್ನು ಕಂಡು ಸಿಟ್ಟಾದಂತೆ. ಕೊರಳಪಟ್ಟಿ ಹಿಡಿದ ನಮ್ಮ ಸಹೋದರ ತನ್ನ ಕಾಯಿದೆಯನ್ನು ನೆನಪಿಟ್ಟುಕೊಂಡಿದ್ದ, ಎದುರಿನವನ ಭಾಷೆಯನ್ನು ಮರೆತಿದ್ದ.

ಏಕೆ ಹೀಗೆ ಎಂದು ಕೇಳಿ

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ದಾರಿಯನ್ನು ತಿಳಿಯಬೇಕಾದರೆ ಕಬ್ಬನ್ನು ತಿಳಿಯಬೇಕು. ಘಟಪ್ರಭೆಯ ನೀರು, ಹಿಡಕಲ್ ಅಣೆಕಟ್ಟೆಯ ಕಾಲುವೆ, ಅದರ ಮೇಲೆ ಕಬ್ಬು, ಕಬ್ಬಿನ ಮೇಲೆ ಕಾರ್ಖಾನೆ. ದೀಪಾವಳಿಯ ಹೊತ್ತಿಗೆ ಹಂಗಾಮು ಶುರುವಾದರೆ ಬೇಸಿಗೆ ಮೊದಲಾಗುವ ತನಕ ಹಗಲು ರಾತ್ರಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಹರಿಯುತ್ತವೆ. ಕಡಿದ ಕಬ್ಬು ಬಿಸಿಲಿಗೆ ಒಣಗಿದಂತೆ ತೂಕವೂ ಇಳಿಯುತ್ತದೆ, ಸಕ್ಕರೆಯೂ ಇಳಿಯುತ್ತದೆ; ಆದ್ದರಿಂದ ರೈತನಿಗೆ ಅವಸರ. ಚಾಲಕನ ದುಡಿಮೆ ಹೇರಿನ ಮೇಲೆ. ಕಾರ್ಖಾನೆಯ ಮುಂದೆ ಪಾಳಿಯಲ್ಲಿ ತಾಸುಗಟ್ಟಲೆ ನಿಂತು ಕಳೆದ ಹೊತ್ತನ್ನು ಅವನು ದಾರಿಯಲ್ಲಿ ಗಳಿಸಲು ನೋಡುತ್ತಾನೆ. ನಿದ್ದೆ ಬಾರದಿರಲೆಂದು ಹಾಡನ್ನು ಜೋರಾಗಿ ಹಚ್ಚುತ್ತಾನೆ. ನಮ್ಮ ಹಾರ್ನ್ ಅವನಿಗೆ ಕೇಳುವುದಿಲ್ಲ. ಟ್ರೇಲರನ್ನು ಬಿಚ್ಚಿ ಕಟ್ಟುವಾಗ ದೀಪದ ವೈರ್ ಕಿತ್ತಿರುತ್ತದೆ. ಕಿತ್ತಿರದಿದ್ದರೂ ಜೋತುಬಿದ್ದ ಕಬ್ಬು ಅದನ್ನು ಮುಚ್ಚಿರುತ್ತದೆ.

ಕಾರಣ ತಿಳಿದರೆ ತಪ್ಪು ಸರಿಯಾಗುವುದಿಲ್ಲ. ಆದರೆ ಕಾರಣ ತಿಳಿದವನು ಚಾಲಕನನ್ನು ದ್ವೇಷಿಸುವುದಿಲ್ಲ. ಮುಂದೇನಾಗಬಹುದೆಂದು ಊಹಿಸಿ ತನ್ನ ಜೀವವನ್ನೂ ಅವನ ಜೀವವನ್ನೂ ಉಳಿಸುತ್ತಾನೆ.

ಒಳ್ಳೆಯ ರೂಢಿ: ಮನಸಾರೆ ಕಲಿಯಿರಿ

ಪರಸ್ಥಳದಿಂದ ಬಂದವನ ಕಣ್ಣಿಗೆ ಮೊದಲು ಬೀಳುವುದು ಕೊರತೆ. ಗುಣ ಕಾಣಲು ಕಾಲ ಬೇಕು. ಕುರಿಹಿಂಡು ದಾರಿ ತುಂಬ ಬಂದಾಗ ಇಲ್ಲಿಯ ಬಸ್ ಚಾಲಕ ಇಂಜಿನನ್ನು ಇಳಿಸಿ ಸಮಾಧಾನದಿಂದ ಕಾಯುವುದನ್ನು ನೋಡಿದ್ದೀರಾ? ಸವದತ್ತಿ ಎಲ್ಲಮ್ಮನ ಜಾತ್ರೆಗೆ ಹೊರಟ ಚಕ್ಕಡಿಗಳ ಸಾಲಿಗೆ ಲಾರಿಗಳು ಬದಿಗೆ ಸರಿದು ದಾರಿ ಕೊಡುವುದನ್ನು? ಗಾಡಿ ಕೆಟ್ಟು ನಿಂತರೆ ಗಿಡದ ಟೊಂಗೆ ಮುರಿದು ಹಿಂದೆ ಮುಂದೆ ಇಡುತ್ತಾರೆ. ಕೆಂಪು ತ್ರಿಕೋನ ಇಲ್ಲದವನಿಗೆ ಟೊಂಗೆಯೇ ತ್ರಿಕೋನ. ಟೊಂಗೆ ಕಂಡಲ್ಲಿ ವೇಗ ಇಳಿಸಬೇಕೆಂದು ಹೊರಗಿನವರು ಕಲಿಯಬೇಕು. ಆದರೆ ಟೊಂಗೆಯ ಬದಲು ಕಲ್ಲಿಟ್ಟು, ಗಾಡಿ ರಿಪೇರಿಯಾದ ಮೇಲೆ ಕಲ್ಲನ್ನು ಅಲ್ಲೇ ಬಿಟ್ಟು ಹೋಗುವುದುಂಟು. ಆ ಕಲ್ಲು ರಾತ್ರಿ ಬೈಕಿನವನ ಜೀವ ತೆಗೆಯುತ್ತದೆ. ಒಳ್ಳೆಯ ರೂಢಿಗೂ ಕೆಟ್ಟ ರೂಢಿಗೂ ನಡುವೆ ಕೆಲವೊಮ್ಮೆ ಒಂದು ಕಲ್ಲಿನಷ್ಟೇ ಅಂತರ!

ಕೆಟ್ಟ ರೂಢಿ: ಎಲ್ಲರೂ ಮಾಡಿದರೂ ನೀವು ಬೇಡ

"ಇಲ್ಲಿ ಎಲ್ಲರೂ ಹಂಗ ಮಾಡ್ತಾರ್ರಿ" ಎಂಬ ಮಾತು ಇಲ್ಲಿಗೆ ನಿಲ್ಲಬೇಕು. ಒಂದು ಕಿಲೋಮೀಟರ್ ಉಳಿಸಲು ಹೆದ್ದಾರಿಯಲ್ಲಿ ಎದುರು ದಿಕ್ಕಿನಿಂದ ಬರುವುದು, ಕುಡಿದು ನಡೆಸುವುದು, ಹ್ಯಾಂಡಲ್ ಹಿಡಿದ ಕೈಯಲ್ಲೇ ಮೊಬೈಲ್, ಹಿಂದೆ ದೀಪವಿಲ್ಲದ ಟ್ರೇಲರ್, ಹೆಲ್ಮೆಟನ್ನು ತಲೆಯ ಬದಲು ಕನ್ನಡಿಗೆ ತೂಗುಹಾಕುವುದು, ಹದಿನಾಲ್ಕರ ಹುಡುಗನ ಕೈಗೆ ಬೈಕಿನ ಕೀಲಿ ಕೊಡುವುದು. ಇವು ರೂಢಿಯಲ್ಲ, ಐದನೆಯ ಕಟ್ಟಳೆಯ ಪ್ರಶ್ನೆ. ಕುಡಿತದಿಂದಾಗಲೀ ವೇಗದ ಹುಚ್ಚಿನಿಂದಾಗಲೀ ದಾರಿಯಲ್ಲಿ ತನ್ನ ಮತ್ತು ಇತರರ ಜೀವವನ್ನು ಅಪಾಯಕ್ಕೆ ಒಡ್ಡುವವನು ಗಂಭೀರ ದೋಷಕ್ಕೆ ಗುರಿಯಾಗುತ್ತಾನೆಂದು ಧರ್ಮಸಭೆಯ ಸತ್ಯೋಪದೇಶ (ಸಂಖ್ಯೆ 2290) ಸ್ಪಷ್ಟವಾಗಿ ಕಲಿಸುತ್ತದೆ. 2007ರ ಜೂನ್‌ನಲ್ಲಿ ವ್ಯಾಟಿಕನ್ ಪ್ರಕಟಿಸಿದ ರಸ್ತೆಯ ಪಾಲನಾಸೇವೆಯ ಮಾರ್ಗಸೂಚಿಯಲ್ಲಿ ಚಾಲಕರಿಗೆಂದೇ ಹತ್ತು ಕಟ್ಟಳೆಗಳಿವೆ. ಮೊದಲನೆಯದು ಕೊಲ್ಲಬಾರದೆಂಬುದೇ. ಪಾಪನಿವೇದನೆಗೆ ಬರುವವರು ಸುಳ್ಳು ಹೇಳಿದ್ದನ್ನು ಹೇಳುತ್ತಾರೆ, ಜಗಳವಾಡಿದ್ದನ್ನು ಹೇಳುತ್ತಾರೆ. ಗಾಡಿ ಹೇಗೆ ಓಡಿಸಿದೆ ಎಂಬುದನ್ನು ಎಷ್ಟು ಮಂದಿ ಹೇಳುತ್ತಾರೆ?

2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು. ದಿನಕ್ಕೆ ಲೆಕ್ಕ ಹಾಕಿದರೆ 460ಕ್ಕೂ ಹೆಚ್ಚು. ಕಾನೂನೂ ಇಂದು ಬಿಗಿಯಾಗಿದೆ. 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತ ವಯಸ್ಸಿನ ಮಗ ಗಾಡಿ ಓಡಿಸಿ ಅಪರಾಧವೆಸಗಿದರೆ ಪೋಷಕನಿಗೆ ಅಥವಾ ಮಾಲೀಕನಿಗೆ ಮೂರು ವರ್ಷಗಳ ತನಕ ಸೆರೆವಾಸ, 25,000 ರೂಪಾಯಿ ದಂಡ; ಮಗನಿಗೆ 25 ವರ್ಷ ತುಂಬುವ ತನಕ ಲೈಸೆನ್ಸ್ ಇಲ್ಲ. ಮಗನ ಮೇಲಿನ ಪ್ರೀತಿಗೆ ಕೀಲಿ ಕೊಡುವ ತಂದೆ ಇದನ್ನು ಒಮ್ಮೆ ಯೋಚಿಸಲಿ.

ನಿಲ್ಲದೆ ಹೋದ ಕಾರು

ಇಲ್ಲಿಯವರೆಗೆ ಗುರುವಾಗಿ ಮಾತಾಡಿದೆ. ಇನ್ನು ಪಾಪಿಯಾಗಿ ಒಂದು ಮಾತು ಹೇಳಬೇಕು.

ಕೆಲವು ವರ್ಷಗಳ ಹಿಂದಿನ ಡಿಸೆಂಬರ್. ಹಳ್ಳಿಯೊಂದರಲ್ಲಿ ಸಂಜೆಯ ಬಲಿಪೂಜೆ ಇತ್ತು. ನಾನು ಹುಕ್ಕೇರಿ ಕಡೆಯಿಂದ ಹೊರಟಾಗಲೇ ತಡವಾಗಿತ್ತು. ಕತ್ತಲಾಗಿತ್ತು. ಎರಡು ಕಡೆ ದೀಪವಿಲ್ಲದ ಟ್ರೇಲರಿನ ಹಿಂದೆ ತೀರಾ ಹತ್ತಿರ ಹೋಗಿ ಬ್ರೇಕ್ ಒತ್ತಿದ್ದೆ. ಬಾಯಲ್ಲಿ ಬರಬಾರದ ಮಾತು ಬಂದಿತ್ತು. ಮುಂದೆ ರಸ್ತೆಯ ಅಂಚಿನಲ್ಲಿ ಬೈಕೊಂದು ಬಿದ್ದಿರುವುದು ಕಂಡಿತು. ಪಕ್ಕದಲ್ಲಿ ಒಬ್ಬ ಮನುಷ್ಯ ಬಿದ್ದಿದ್ದ. ವೇಗ ಇಳಿಸಿದೆ. ಹಿಂದೆ ಬರುವವರು ಯಾರಾದರೂ ನೋಡಿಯಾರು, ಪೊಲೀಸ್ ಕೇಸು, ಜನ ಸೇರಿದರೆ ನನ್ನ ಮೇಲೇ ಬಂದಾರು, ಜನ ಪೂಜೆಗೆ ಕಾಯುತ್ತಿದ್ದಾರೆ ಎಂದು ಒಂದು ಕ್ಷಣದಲ್ಲಿ ನಾಲ್ಕು ಕಾರಣ ಸಿಕ್ಕವು. ನಾನು ಮುಂದೆ ಹೋದೆ.

ಒಂದು ಕಿಲೋಮೀಟರ್ ಹೋಗುವಷ್ಟರಲ್ಲಿ ಕೈ ನಡುಗತೊಡಗಿತು. ಜೆರುಸಲೇಮಿನಿಂದ ಜೆರಿಕೋವಿಗೆ ಇಳಿಯುವ ದಾರಿಯಲ್ಲಿ ಬಿದ್ದವನನ್ನು ಕಂಡು ಬದಿಯಿಂದ ಹಾದುಹೋದ ಆ ಯಾಜಕ ಯಾರೆಂದು ಅಂದು ನನಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಗಾಡಿ ತಿರುಗಿಸಿದೆ.

ಅಲ್ಲಿ ಅಷ್ಟರಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ನಿಂತಿತ್ತು. ಹಾಡು ಬಂದಾಗಿತ್ತು. ಚಾಲಕ ದಾರಿಯ ಎರಡೂ ಕಡೆ ಟೊಂಗೆ ಹಾಕಿ, ತನ್ನ ಟವೆಲನ್ನು ಹರಿದು ಗಾಯಗೊಂಡವನ ತಲೆಗೆ ಬಿಗಿದಿದ್ದ. ನನ್ನನ್ನು ಕಂಡು, "ಬರ್ರಿ ಬರ್ರಿ, ಪುಣ್ಯಾ ಬರತೈತಿ, ನಿಮ್ಮ ಕಾರ್‌ನ್ಯಾಗ ಹಾಕ್ಕೊಂಡ ಹೋಗೂಣು. ಈಗರ ಒಂದ ಕಾರ್ ನಿಂದರದ ಹೋತ್ರಿ, ಅಂಥಾವ್ರೂ ಇರತಾರ" ಎಂದ.

ಆ ಕಾರು ನನ್ನದೇ ಎಂದು ನಾನು ಅವನಿಗೆ ಹೇಳಲಿಲ್ಲ. ಇಂದು ನಿಮಗೆ ಹೇಳುತ್ತಿದ್ದೇನೆ.

ಇಬ್ಬರೂ ಸೇರಿ ಗಾಯಾಳುವನ್ನು ಆಸ್ಪತ್ರೆಗೆ ಮುಟ್ಟಿಸಿದೆವು. ದೇವರ ದಯೆಯಿಂದ ಅವನು ಬದುಕಿದ. ನಾನು ಟ್ರ್ಯಾಕ್ಟರ್ ಚಾಲಕನನ್ನು ಅವನ ಗಾಡಿಯ ಬಳಿಗೆ ಮರಳಿ ಬಿಟ್ಟಾಗ, ಅಂದಿನ ಅವನ ಪಾಳಿ ತಪ್ಪಿತ್ತು. ಹೊರಡುವ ಮೊದಲು ಅವನು ಟೊಂಗೆಗಳನ್ನು ಒಂದೂ ಬಿಡದೆ ಎತ್ತಿ ಬದಿಗೆ ಹಾಕಿದ. ಅವನು ಹೊರಟ ಮೇಲೆ ನೋಡಿದೆ: ಅವನ ಟ್ರೇಲರಿಗೂ ಹಿಂದೆ ದೀಪವಿರಲಿಲ್ಲ!

ಒಬ್ಬನೇ ಮನುಷ್ಯನಲ್ಲಿ ಕೆಟ್ಟ ರೂಢಿಯೂ ಇತ್ತು, ನನ್ನಲ್ಲಿಲ್ಲದ ಕರುಣೆಯೂ ಇತ್ತು. ನನ್ನ ದೀಪಗಳೆಲ್ಲ ಉರಿಯುತ್ತಿದ್ದವು, ನಾನು ನಿಲ್ಲಲಿಲ್ಲ. ಪರಸ್ಥಳದ ಜನರ ಚಾಲನೆಯನ್ನು ನೋಡಿ ಅವರ ಅಂತಃಕರಣವನ್ನು ಅಳೆಯಬಾರದೆಂದು ನಾನು ಕಲಿತದ್ದು ಸೆಮಿನರಿಯಲ್ಲಲ್ಲ, ಆ ರಾತ್ರಿ.

ನನ್ನನ್ನು ಓಡಿಸಿದ ಕೇಸಿನ ಭಯಕ್ಕೆ ಇಂದು ಆಧಾರವಿಲ್ಲ. 2016ರಲ್ಲಿ ಸರ್ವೋಚ್ಚ ನ್ಯಾಯಾಲಯ ನೆರವಿಗೆ ಬಂದವರನ್ನು ಕಾಯುವ ಮಾರ್ಗಸೂಚಿಗೆ ಬಲ ಕೊಟ್ಟಿತು. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯಿದೆಗೆ 134ಎ ಕಲಮು ಸೇರಿತು. ಒಳ್ಳೆಯ ಮನಸ್ಸಿನಿಂದ ಗಾಯಾಳುವಿಗೆ ನೆರವಾದವನ ಮೇಲೆ ಮೊಕದ್ದಮೆ ಹೂಡುವಂತಿಲ್ಲ. ಹೆಸರು ಹೇಳಲೇಬೇಕೆಂದು ಒತ್ತಾಯಿಸುವಂತಿಲ್ಲ. ಕಾನೂನು ಇಂಥವನನ್ನು ಕರೆಯುವುದೇ ಸಮಾರಿಯದವನ ಹೆಸರಿನಿಂದ. ನಿಲ್ಲಿ, 108ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಬರುವ ತನಕ ಜೊತೆಗಿರಿ.

ದಿನನಿತ್ಯದ ಅಭ್ಯಾಸಕ್ಕೆ

ಒಂದು: ಬೇಗ ಹೊರಡಿ. 30 ಕಿಲೋಮೀಟರ್ ದಾರಿಯನ್ನು ಗಂಟೆಗೆ 60ರ ವೇಗದಲ್ಲಿ 30 ನಿಮಿಷಕ್ಕೂ, 50ರ ವೇಗದಲ್ಲಿ 36 ನಿಮಿಷಕ್ಕೂ ಮುಟ್ಟುತ್ತೇವೆ. ಎಲ್ಲ ಅವಸರದ ಬೆಲೆ ಆರು ನಿಮಿಷ.

ಎರಡು: ಹಂಗಾಮಿನ ರಾತ್ರಿಗಳಲ್ಲಿ ದೀಪದ ಬೆಳಕು ಎಷ್ಟು ದೂರ ಕಾಣುತ್ತದೋ ಅಷ್ಟರೊಳಗೆ ನಿಲ್ಲಿಸಬಲ್ಲ ವೇಗದಲ್ಲಿ ಮಾತ್ರ ಹೋಗಿ. 60ರ ವೇಗದ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಮುಂದೆ ಹೋಗುತ್ತದೆ. ಕಾಲು ಬ್ರೇಕಿಗೆ ಮುಟ್ಟುವ ಮೊದಲೇ ಅಷ್ಟು ದೂರ ಮುಗಿದಿರುತ್ತದೆ.

ಮೂರು: ಸಿಟ್ಟು ಬಂದಾಗ ಗಾಡಿಯಿಂದ ಇಳಿಯಬೇಡಿ. ಕೈ ಸ್ಟೇರಿಂಗಿನಲ್ಲೇ ಇರಲಿ; ಎದುರಿನವನ ಮನೆಯಲ್ಲಿ ಕಾಯುತ್ತಿರುವವರನ್ನು ನೆನೆದು ಒಂದು 'ನಮೋ ಮರಿಯ' ಹೇಳಿ. ಪ್ರಾರ್ಥನೆಯಷ್ಟು ಹೊತ್ತಿನಲ್ಲಿ ದಾರಿಯೂ ಬಿಡುವಾಗುತ್ತದೆ.

ನಾಲ್ಕು: ಟ್ರ್ಯಾಕ್ಟರ್ ಇರುವ ಮನೆಯವರು ಹಂಗಾಮಿಗೆ ಮೊದಲೇ ಟ್ರೇಲರಿನ ಹಿಂದೆ ರೇಡಿಯಂ ಪಟ್ಟಿ ಅಂಟಿಸಿ, ದೀಪದ ವೈರ್ ಸರಿಮಾಡಿಸಿ. ಹೊಸ ಗಾಡಿಯನ್ನು ಆಶೀರ್ವಾದಕ್ಕೆ ತಂದಾಗ ನಾನು ತೀರ್ಥ ಚಿಮುಕಿಸುವ ಮೊದಲು ಗಾಡಿಯ ಹಿಂದೆ ಹೋಗಿ ದೀಪ ನೋಡುತ್ತೇನೆ. ಯಾರೂ ಬೇಸರಿಸಬಾರದು.

ಕುಟುಂಬದಲ್ಲಿ ಕೂಡಿ ಮಾತಾಡಲು

ಈ ವಾರ ಸಂಜೆಯ ಜಪಸರದ ಬಳಿಕ ಮನೆಯವರೆಲ್ಲ ಕುಳಿತು ಈ ಪ್ರಶ್ನೆಗಳನ್ನು ಕೇಳಿಕೊಳ್ಳಿ. ಗಾಡಿ ಓಡಿಸುವಾಗ ನಾನು ಯಾವ ಕೆಟ್ಟ ರೂಢಿಯನ್ನು "ಎಲ್ಲರೂ ಮಾಡುತ್ತಾರೆ" ಎಂದು ಒಪ್ಪಿಕೊಂಡಿದ್ದೇನೆ? ನಮ್ಮ ಮನೆಯ ಮಕ್ಕಳು ಹಿಂದಿನ ಸೀಟಿನಲ್ಲಿ ಕುಳಿತು ನನ್ನಿಂದ ಯಾವ ಮಾತು ಕಲಿತಿದ್ದಾರೆ? ಪರದೇಶದಲ್ಲಿ ದುಡಿಯುವ ನಮ್ಮವರಿಗೆ ಫೋನ್ ಮಾಡಿದಾಗ, ಹಣ ಬಂತೇ ಎಂದು ಕೇಳುವ ಮೊದಲು, ನಿದ್ದೆ ಮಾಡಿ ಗಾಡಿ ಹತ್ತಿದೆಯಾ ಎಂದು ಕೇಳಿದ್ದೇವೆಯೇ? ನಮ್ಮ ಊರಿಗೆ ಹೊರಗಿನಿಂದ ಬಂದ ಚಾಲಕ ಗೊಂದಲಗೊಂಡಾಗ ನಾವು ಹಾರ್ನ್ ಹೊಡೆದೆವೋ, ದಾರಿ ತೋರಿಸಿದೆವೋ?

ಕೊರಳಪಟ್ಟಿ ಹಿಡಿದ ಆ ಸಹೋದರ ಮುಂದಿನ ವಾರ ಟಂಟಂ ನಿಲ್ದಾಣಕ್ಕೆ ಹೋಗಿ ಆ ಚಾಲಕನನ್ನು ಹುಡುಕಿ ಕ್ಷಮೆ ಕೇಳಿದನಂತೆ. ಮಗಳನ್ನೂ ಕರೆದುಕೊಂಡು ಹೋಗಿದ್ದ. ಅವನು ಚಹಾ ಕುಡಿಸಿ, "ಮುಂದ ಹಾರ್ನ್ ಹೊಡೀರಿ ಅಣ್ಣಾರ, ನಾ ಸರೀತೇನಿ" ಎಂದನಂತೆ.

ಪ್ರಿಯ ಓದುಗರೇ, ಇಂದು ಮನೆಯಿಂದ ಹೊರಡುವಾಗ ಆರು ನಿಮಿಷ ಮೊದಲೇ ಹೊರಡಿ. ದೇವರು ನಿಮ್ಮ ಹೋಗುವಿಕೆಯನ್ನೂ ಬರುವಿಕೆಯನ್ನೂ ಕಾಯಲಿ.